ಹಳೆ ಕಾರಿಗೆ ರೇಡಿಯೇಟರ್: ಹೊಸದು ಕೊಳ್ಳುವ ಮುಂಚೆ

ನಮ್ಮದು ಚಳ್ಳಕೆರೆ ಸೀಮೆಯ ಮಳೆ ನಂಬಿದ ಹೊಲ. ಶೇಂಗಾ, ನವಣೆ, ಅಕ್ಕಡಿ ಸಾಲಲ್ಲಿ ತೊಗರಿ. ಒಂದು ಬೋರಿದೆ, ಎರಡಿಂಚು ನೀರು, ಬೇಸಿಗೆಯಲ್ಲಿ ಅದೂ ಒಂದೂವರೆ. ಇಂಥವನ ಮನೆಮುಂದೆ ಕಾರು ನಿಂತಿದೆ ಅಂದರೆ ಓದುವವರಿಗೆ ನಗು ಬರಬಹುದು. ಅದು 1995ರ ಡೀಸೆಲ್ ಅಂಬಾಸಿಡರ್. 2009ರಲ್ಲಿ 42 ಸಾವಿರ ಕೊಟ್ಟು ತಂದೆ. ಆ ವರ್ಷ ಒಂದು ಜೊತೆ ಒಳ್ಳೆ ಎತ್ತಿಗೂ ಹೆಚ್ಚುಕಮ್ಮಿ ಅದೇ ಬೆಲೆ ಇತ್ತು. ಬೀಜದ ಮೂಟೆ, ಗೊಬ್ಬರ, ಮೇಕೆಮರಿ, ಮದುವೆಗೆ ಹೋಗೋ ಹೆಂಗಸರು, ಎಲ್ಲಕ್ಕೂ ಅದೇ ಗಾಡಿ. ರಾತ್ರಿ ಹೊತ್ತು ಊರಲ್ಲಿ ಯಾರಿಗೆ ಏನಾದರೂ ನಮ್ಮ ಬಾಗಿಲು ತಟ್ಟುತ್ತಾರೆ. ಮೂರು ಹೆರಿಗೆಗೆ ಹೋಗಿ ಬಂದಿದೆ.

2023ರ ನವೆಂಬರಿನ ಒಂದು ರಾತ್ರಿ ಎಂಟರ ಸುಮಾರಿಗೆ ಪಕ್ಕದ ಹೊಲದವರ ಹುಡುಗನಿಗೆ ಶೇಂಗಾ ಮೆದೆಯ ಹತ್ತಿರ ಕೊಳಕುಮಂಡಲ ಕಚ್ಚಿತು. ಹದಿಮೂರು ವರ್ಷದ ಹುಡುಗ. ಆಂಬುಲೆನ್ಸಿಗೆ ಫೋನ್ ಮಾಡಿದ್ದರು, ಬರೋತನಕ ಕಾಯುವ ಧೈರ್ಯ ಯಾರಿಗೂ ಇರಲಿಲ್ಲ. ಹುಡುಗನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಹೊರಟೆವು. ನಾನು ಸ್ವಲ್ಪ ಜೋರಾಗೇ ಓಡಿಸಿದೆ. ಒಂಬತ್ತು ಕಿಲೋಮೀಟರ್ ಹೋಗಿರಬಹುದು, ಬಾನೆಟ್ಟಿನ ಸಂದಿಯಿಂದ ಆವಿ ಎದ್ದು ಗಾಜೆಲ್ಲ ಮಬ್ಬಾಯಿತು. ಎಂಜಿನ್ ಎಳೆಯೋದು ಬಿಟ್ಟಿತು. ರಸ್ತೆ ಮಧ್ಯೆ ಟಾರ್ಚ್ ಹಿಡಿದು ನಿಂತೆವು. ಈರುಳ್ಳಿ ತುಂಬಿಕೊಂಡು ಬರುತ್ತಿದ್ದ ಒಂದು ಟೆಂಪೋದವನು ನಿಲ್ಲಿಸಿ, ಮುಂದಿನ ಸೀಟಿನಲ್ಲಿ ಹುಡುಗನನ್ನೂ ಅವರಪ್ಪನನ್ನೂ ಕೂರಿಸಿಕೊಂಡು ಹೋದ. ಇಂಜೆಕ್ಷನ್ ಹೊತ್ತಿಗೆ ಸರಿಯಾಗಿ ಸಿಕ್ಕಿತು. ಆರು ದಿನ ಆಸ್ಪತ್ರೆಯಲ್ಲಿದ್ದು ಬಂದ. ಆದರೆ ರಸ್ತೆಯಲ್ಲಿ ನಿಂತ ಆ ಕಾಲು ಗಂಟೆಯನ್ನು ನಾನು ಮರೆತಿಲ್ಲ. ಅವರಪ್ಪ ನನಗೆ ಒಂದು ಮಾತೂ ಅನ್ನಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಯಾಕೆಂದರೆ ಗಾಡಿ ಕುದಿಯುತ್ತದೆ ಅನ್ನೋದು ನನಗೆ ಬೇಸಿಗೆಯಿಂದಲೇ ಗೊತ್ತಿತ್ತು. ದಿನಾ ಒಂದು ಬಾಟಲಿ ನೀರು ಸುರಿದು ಓಡಿಸುತ್ತಿದ್ದೆ.

ಮಾರನೇ ದಿನವೇ ರೇಡಿಯೇಟರ್ ಬದಲಿಸಬೇಕು ಎಂದು ತೀರ್ಮಾನ ಮಾಡಿದೆ. ಅಲ್ಲಿಂದ ಎರಡು ತಿಂಗಳು ಸುತ್ತಿದೆ, ದುಡ್ಡು ಕಳೆದೆ, ಒಂದಿಷ್ಟು ಕಲಿತೆ. ಕಾರಿಲ್ಲದವರೂ ಓದಬಹುದು. ಟ್ರ್ಯಾಕ್ಟರ್, ಹಳೆ ಜೀಪು, ನೀರು ತಂಪಿನ ಡೀಸೆಲ್ ಎಂಜಿನ್, ಎಲ್ಲದರ ಹೊಟ್ಟೆಯೂ ಒಂದೇ.

ಮೊದಲು ನನ್ನ ತಪ್ಪುಗಳು

ಬೇಸಿಗೆಯಲ್ಲಿ ಕೆಳಗಿನ ಮೂಲೆಯಲ್ಲಿ ಸಣ್ಣದಾಗಿ ಜಿನುಗುತ್ತಿತ್ತು. ಲಾರಿ ಡ್ರೈವರುಗಳು ಮಾಡುವ ಹಾಗೆ ಅರಿಶಿನ ಪುಡಿ ಹಾಕಿದೆ. ಒಂದು ಚಮಚ ಹಾಕಿದರೆ ದಾರಿಯಲ್ಲಿ ಸಿಕ್ಕಿಬಿದ್ದಾಗ ಊರು ಮುಟ್ಟಿಸುತ್ತದೆ, ಸುಳ್ಳಲ್ಲ. ನಾನು ಒಂದು ಸಲಕ್ಕೆ ನಿಂತಿತು ಅಂತ ಖುಷಿಯಾಗಿ ತಿಂಗಳಿಗೊಮ್ಮೆ ಹಾಕುತ್ತಾ ಬಂದೆ. ತೂತು ಮುಚ್ಚುವ ಪುಡಿಗೆ ಯಾವುದು ತೂತು, ಯಾವುದು ನೀರು ಹರಿಯೋ ಕೊಳವೆ ಅನ್ನೋದು ಗೊತ್ತಾಗುತ್ತದೆಯೇ?

ಎರಡನೆಯದು ಇನ್ನೂ ದೊಡ್ಡ ತಪ್ಪು. ನಮ್ಮ ಬೋರಿನ ನೀರು ಗಡಸು. ಹನಿ ನೀರಾವರಿ ಪೈಪು ಕಟ್ಟಿಕೊಂಡಾಗ ಆಸಿಡ್ ಬಿಟ್ಟು ತೊಳೆಯುವುದು ನಮಗೆಲ್ಲ ರೂಢಿ. ರೇಡಿಯೇಟರಿನ ಒಳಗೂ ಅದೇ ಬಿಳಿ ಹಕ್ಕಳೆ ತಾನೇ ಎಂದು, ಆ ರಾತ್ರಿ ಕಳೆದು ಮೂರನೇ ದಿನ, ಉಳಿದಿದ್ದ ಆಸಿಡ್ಡನ್ನು ಅರ್ಧ ಲೋಟದಷ್ಟು ನೀರಿಗೆ ಬೆರೆಸಿ ರೇಡಿಯೇಟರಿಗೆ ಹುಯ್ದು ಒಂದು ಗಂಟೆ ಬಿಟ್ಟೆ. ಡ್ರಿಪ್ ಪೈಪು ಪ್ಲಾಸ್ಟಿಕ್ಕು. ರೇಡಿಯೇಟರು ತಾಮ್ರ, ಹಿತ್ತಾಳೆ, ಅದನ್ನು ಕೂಡಿಸಿರೋದು ಸೀಸ-ತವರದ ಬೆಸುಗೆ. ಕಪ್ಪು, ಹಳದಿ, ಬಿಳಿ ಬಣ್ಣದ ನೀರು ಹೊರಗೆ ಬಂತು, ಒಳ್ಳೆ ಕೆಲಸ ಆಯಿತು ಅಂದುಕೊಂಡೆ. ಒಳ್ಳೆ ನೀರು ತುಂಬಿದೆ. ಬೆಳಿಗ್ಗೆ ನೋಡಿದರೆ ಒಂದು ಕಡೆ ಜಿನುಗುತ್ತಿದ್ದದ್ದು ಏಳೆಂಟು ಕಡೆ ಜಿನುಗುತ್ತಿತ್ತು. ಆಸಿಡ್ಡನ್ನು ಯಾವ ಕಾರಣಕ್ಕೂ ಹಾಕಬೇಡಿ. ಎಂಜಿನ್ನಿನ ಒಳಗಿನ ಕಬ್ಬಿಣವನ್ನೂ ಅದು ತಿನ್ನುತ್ತದೆ.

ರೇಡಿಯೇಟರಿನದೇ ತಪ್ಪಾ?

ಇದನ್ನು ನಾನು ಕೊನೆಗೆ ಕಲಿತೆ, ನೀವು ಮೊದಲು ನೋಡಿ. ಗಾಡಿ ಕುದಿಯೋಕೆ ಐದಾರು ಕಾರಣ ಇರುತ್ತವೆ. ರೇಡಿಯೇಟರ್ ಅದರಲ್ಲಿ ಒಂದು, ಅದೇ ಎಲ್ಲಕ್ಕಿಂತ ದುಬಾರಿಯದು.

ಮೊದಲು ಮುಚ್ಚಳ. ಇದು ಬರೀ ಮುಚ್ಚಳ ಅಲ್ಲ, ಕುಕ್ಕರಿನ ವಿಷಲ್ ಇದ್ದ ಹಾಗೆ. ಒಳಗೆ ಸ್ಪ್ರಿಂಗು, ರಬ್ಬರು ಇರುತ್ತದೆ. ಒತ್ತಡ ಹಿಡಿದಿಟ್ಟರೆ ನೀರು ನೂರು ಡಿಗ್ರಿಗೆ ಕುದಿಯೋದಿಲ್ಲ, 110 ದಾಟುವವರೆಗೂ ತಡೆಯುತ್ತದೆ. ರಬ್ಬರು ಹರಿದಿದ್ದರೆ ಕುಕ್ಕರಿನ ಗ್ಯಾಸ್ಕೆಟ್ ಹೋದಂತೆಯೇ. ಮುಚ್ಚಳದ ಮೇಲೆ ಒಂದು ಅಂಕಿ ಹೊಡೆದಿರುತ್ತಾರೆ. ನನ್ನದರ ಮೇಲೆ 7 ಇತ್ತು. ಈಗಿನ ಗಾಡಿಗಳದ್ದು ಎರಡರಷ್ಟು ಇರುತ್ತದೆ, ಬಾಯಿಗೆ ಸರಿಯಾಗಿ ಕೂರುತ್ತದೆ, ಅಂಗಡಿಯವರು ಕೊಟ್ಟುಬಿಡುತ್ತಾರೆ. ಹಳೆ ರೇಡಿಯೇಟರಿಗೆ ಅದನ್ನು ಹಾಕಿದರೆ ಬೆಸುಗೆ ಬಿಡುತ್ತದೆ. ಹಳೆ ಅಂಕಿಯದ್ದೇ ಕೇಳಿ ತನ್ನಿ. ಇನ್ನೊಂದು ಮಾತು, ಕುದಿಯುತ್ತಿರುವಾಗ ಮುಚ್ಚಳ ತೆಗೆಯಬೇಡಿ. ಕೈಮುಖ ಸುಟ್ಟುಕೊಂಡವರು ಪ್ರತಿ ಊರಲ್ಲೂ ಒಬ್ಬರು ಸಿಗುತ್ತಾರೆ. ಅರ್ಧ ಗಂಟೆ ಕಾದು, ಗೋಣಿಚೀಲ ಹಾಕಿ ಮೆಲ್ಲಗೆ ತಿರುಗಿಸಿ. ಕಾದ ಎಂಜಿನ್ನಿಗೆ ತಣ್ಣೀರು ಒಮ್ಮೆಲೇ ಹುಯ್ದರೆ ಹೆಡ್ ಬಿರಿಯುತ್ತದೆ.

ಎರಡನೆಯದು ಫ್ಯಾನ್ ಬೆಲ್ಟು. ಉದ್ದನೆ ಭಾಗದ ನಡುವೆ ಹೆಬ್ಬೆರಳಲ್ಲಿ ಒತ್ತಿದರೆ ಅರ್ಧ ಇಂಚು ಬಗ್ಗಬೇಕು. ಹೆಚ್ಚು ಬಗ್ಗಿದರೆ ಜಾರುತ್ತಿದೆ ಅಂತ ಅರ್ಥ. ವಾಟರ್ ಪಂಪಿನ ಕೆಳಗೆ ಒಂದು ಸಣ್ಣ ತೂತಿರುತ್ತದೆ, ಅಲ್ಲಿಂದ ನೀರು ತೊಟ್ಟಿಕ್ಕುತ್ತಿದ್ದರೆ ಪಂಪಿನ ಸೀಲು ಹೋಗಿದೆ.

ಥರ್ಮೋಸ್ಟಾಟ್ ಅಂತ ಒಂದು ವಾಲ್ವು. ಎಂಜಿನ್ ತಣ್ಣಗಿದ್ದಾಗ ಮುಚ್ಚಿಕೊಂಡಿದ್ದು, ಕಾದಮೇಲೆ ತೆರೆದು ನೀರನ್ನು ರೇಡಿಯೇಟರಿಗೆ ಬಿಡುತ್ತದೆ. ಅದು ಮುಚ್ಚಿಕೊಂಡೇ ಕಚ್ಚಿಕೊಂಡರೆ ಎಷ್ಟು ಹೊಸ ರೇಡಿಯೇಟರ್ ಹಾಕಿದರೂ ಕುದಿಯುತ್ತದೆ. ಬಿಚ್ಚಿ ಒಂದು ಪಾತ್ರೆ ನೀರಿನಲ್ಲಿ ಹಾಕಿ ಒಲೆ ಮೇಲಿಡಿ. ನೀರು ಕುದಿಯೋಕೆ ಮುಂಚೆಯೇ ಅದು ಬಾಯಿ ತೆರೆಯಬೇಕು. ನಮ್ಮ ಮನೆಯವಳು ಹಾಲಿನ ಪಾತ್ರೆಯಲ್ಲಿ ಅದನ್ನು ಕಂಡು ಏನಂದಳು ಅನ್ನೋದನ್ನ ಇಲ್ಲಿ ಬರೆಯೋದು ಬೇಡ. ನೀವು ಹಳೆ ಪಾತ್ರೆ ತಗೊಳ್ಳಿ.

ಎಲ್ಲಕ್ಕಿಂತ ಮುಖ್ಯ ಹೆಡ್ ಗ್ಯಾಸ್ಕೆಟ್. ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು, ನೀರು ಪೂರ್ತಿ ತುಂಬಿಸಿ ಸ್ಟಾರ್ಟ್ ಮಾಡಿ. ನೀರಿನಲ್ಲಿ ಬಿಡದೆ ಗುಳ್ಳೆ ಏಳುತ್ತಿದ್ದರೆ ಹೊಗೆ ನೀರಿಗೆ ನುಗ್ಗುತ್ತಿದೆ. ಆಯಿಲ್ ನೋಡುವ ಕಡ್ಡಿಯಲ್ಲಿ ಆಯಿಲ್ ಮಜ್ಜಿಗೆ ಬಣ್ಣಕ್ಕೆ ತಿರುಗಿದ್ದರೂ ಅಷ್ಟೆ. ಹಾಗಿದ್ದರೆ ರೇಡಿಯೇಟರ್ ಆಸೆ ಬಿಟ್ಟು ಎಂಜಿನ್ ಮೆಕ್ಯಾನಿಕ್ಕಿನ ಹತ್ತಿರ ಹೋಗಿ. ಆ ರಾತ್ರಿ ಆದದ್ದಕ್ಕೆ ನನ್ನ ಹೆಡ್ ಗ್ಯಾಸ್ಕೆಟ್ ಉಳಿದದ್ದೇ ಪುಣ್ಯ.

ಇದೆಲ್ಲ ಸರಿ ಇದ್ದರೆ ಆಗ ರೇಡಿಯೇಟರ್. ಗಾಡಿ ಓಡಿಸಿ ಬಂದು, ಎಂಜಿನ್ ನಿಲ್ಲಿಸಿ, ಫ್ಯಾನು ನಿಂತಮೇಲೆ ಜಾಲರಿಯ ಮೇಲೆ ಅಂಗೈ ಹತ್ತಿರ ಹಿಡಿದು ಆಡಿಸಿ. ಎಲ್ಲಾ ಕಡೆ ಬಿಸಿ ಇರಬೇಕು. ಅಲ್ಲಲ್ಲಿ ತಣ್ಣಗಿದ್ದರೆ ಅಲ್ಲಿನ ಕೊಳವೆಗಳಲ್ಲಿ ನೀರು ಹರಿಯುತ್ತಿಲ್ಲ. ನನ್ನದರಲ್ಲಿ ಅರ್ಧಕ್ಕೆ ಅರ್ಧ ತಣ್ಣಗಿತ್ತು.

ಟ್ರ್ಯಾಕ್ಟರ್ ಇರುವವರು ಜಾಲರಿಯ ಹೊರಗಡೆಯನ್ನೂ ನೋಡಿ. ಕಣದ ಹೊಟ್ಟು, ಹುಲ್ಲಿನ ತುಂಡು, ಧೂಳು ಅಲ್ಲಿ ಕಂಬಳಿ ಹೊದಿಸಿದ ಹಾಗೆ ಕೂತಿರುತ್ತದೆ. ಎಂಜಿನ್ ಕಡೆಯಿಂದ ಹೊರಕ್ಕೆ ಗಾಳಿ ಹೊಡೆಸಿ. ಎಷ್ಟೋ ಜನರ ರೇಡಿಯೇಟರ್ ಖಾಯಿಲೆ ಅಷ್ಟಕ್ಕೇ ವಾಸಿಯಾಗುತ್ತದೆ. ಸರ್ವೀಸ್ ಸ್ಟೇಷನ್ನಿನ ಜೋರು ನೀರು ಬೇಡ, ತಾಮ್ರದ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಹುಡುಕಾಟ

ಅಂಬಾಸಿಡರ್ ತಯಾರಿ 2014ರ ಮೇ ತಿಂಗಳಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ನಿಂತುಹೋಯಿತು. ಹಾಗಾಗಿ ಕಂಪನಿಯ ಅಂಗಡಿಗೆ ಹೋಗಿ ಕೇಳುವ ಮಾತಿಲ್ಲ. ಆದರೂ ಟ್ಯಾಕ್ಸಿಯಾಗಿ, ಸರ್ಕಾರದ ಗಾಡಿಯಾಗಿ ದೇಶದ ತುಂಬ ಓಡಿದ ಕಾರು ಅದು. ಬಿಡಿಭಾಗ ಹುಡುಕಿದರೆ ಸಿಗುತ್ತದೆ. ಸಿಗುವುದರಲ್ಲಿ ಯಾವುದು ತಗೊಳ್ಳಬೇಕು ಅನ್ನೋದೇ ತಲೆನೋವು.

ದಾವಣಗೆರೆಯಲ್ಲಿ ವಿಚಾರಿಸಿದೆ. ತಾಮ್ರ-ಹಿತ್ತಾಳೆಯ ಹೊಸದು ತರಿಸಿಕೊಡುತ್ತೇವೆ, 9,500 ರೂ., ಹಳೆಯದನ್ನು ಕೊಟ್ಟರೆ 500 ಬಿಡುತ್ತೇವೆ ಅಂದರು. ಡಿಸೆಂಬರಿನಲ್ಲಿ ಬೆಂಗಳೂರಿಗೆ ಹೋದೆ. ಜೆ.ಸಿ. ರಸ್ತೆಯಲ್ಲಿ ಮೋಟಾರು ಬಿಡಿಭಾಗದ ಅಂಗಡಿಗಳು ಸಾಲು ಸಾಲು ಇವೆ. ಅಲ್ಲಿ ಹೊಸದಕ್ಕೆ 8,800 ಹೇಳಿದರು. ಅಲ್ಯೂಮಿನಿಯಂದು ಒಂದು ತೋರಿಸಿದರು, 5,500. ಹಗುರ, ನೋಡೋಕೆ ಚೆನ್ನ. ಆದರೆ ಅದು ಬೇರೆ ಗಾಡಿಯದು. ಕೂರಿಸೋಕೆ ಪಟ್ಟಿ ಕತ್ತರಿಸಬೇಕು, ಪೈಪಿನ ಬಾಯಿ ತಿರುಗಿಸಬೇಕು. ಅದರ ಮೇಲು-ಕೆಳಗಿನ ಟ್ಯಾಂಕು ಪ್ಲಾಸ್ಟಿಕ್ಕಿನದು, ನಡುವೆ ರಬ್ಬರಿಟ್ಟು ಅಂಚು ಮಡಚಿ ಹಿಡಿಸಿರುತ್ತಾರೆ. ಸೋರಿದರೆ ನಮ್ಮ ಕಡೆಯ ಬೆಸುಗೆಯವರು ಮುಟ್ಟುವುದಿಲ್ಲ. ಅದು ಕೆಟ್ಟದು ಅಂತ ನಾನು ಹೇಳುತ್ತಿಲ್ಲ, ಈಗಿನ ಗಾಡಿಗಳೆಲ್ಲ ಅದರಲ್ಲೇ ಓಡುತ್ತಿವೆ. ನನ್ನ ಹಳೆ ಗಾಡಿಗೆ, ನಮ್ಮೂರಿನ ದೂರಕ್ಕೆ, ರಿಪೇರಿ ಆಗುವ ಸಾಮಾನೇ ಬೇಕು ಅನ್ನಿಸಿತು.

ದುಡ್ಡು ಉಳಿಸುವ ಆಸೆಗೆ ಅಲ್ಲಿಂದ ಶಿವಾಜಿನಗರದ ಗುಜರಿಗೆ ಹೋದೆ. ಒಂದು ಅಂಗಡಿಯಲ್ಲಿ ಅಂಬಾಸಿಡರಿನದೇ ರೇಡಿಯೇಟರ್ ಇತ್ತು. ಕರೀ ಬಣ್ಣ ಬಳಿದು ಹೊಸ ಬಾಣಲಿಯ ಹಾಗೆ ಇತ್ತು. 4,000 ಹೇಳಿ 3,200ಕ್ಕೆ ಕೊಟ್ಟ. ಒಂದು ಬಕೆಟ್ ನೀರು ತುಂಬಿಸಿ ನೋಡೋಣ ಅಂತ ನನಗೆ ಹೊಳೆಯಲಿಲ್ಲ. ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೇವೆ, ನಡೆಸಿ ನೋಡುತ್ತೇವೆ, ಹೆಗಲು ಮುಟ್ಟಿ ನೋಡುತ್ತೇವೆ. ಇದಕ್ಕೆ ಬಣ್ಣ ನೋಡಿ ದುಡ್ಡು ಕೊಟ್ಟೆ. ತಂದು ಕೂರಿಸಿದ ಇಪ್ಪತ್ತನೇ ದಿನ ಕೆಳಗಿನ ಟ್ಯಾಂಕಿನ ಅಂಚಿನಲ್ಲಿ ಸೋರಿತು. ಬಣ್ಣ ಕೆರೆದು ನೋಡಿದರೆ ಒಳಗೆ ಗಾಡಿಗಳಿಗೆ ಮೆತ್ತುವ ಅಂಟು ಮೆತ್ತಿದ್ದರು. ಬೆಂಗಳೂರಿಗೆ ಮತ್ತೆ ಹೋಗಿ ಜಗಳ ಮಾಡಿದರೆ ಬಸ್ ಚಾರ್ಜು ದಂಡ.

ಗುಜರಿಯಲ್ಲಿ ಒಳ್ಳೇದು ಸಿಗೋದೇ ಇಲ್ಲ ಅಂತಲ್ಲ. ಬಣ್ಣ ಹೊಡೆಯದೇ ಇರೋದನ್ನ ಹುಡುಕಿ. ಕೈಯಲ್ಲಿ ಎತ್ತಿ ನೋಡಿ. ಅದೇ ಅಳತೆಯ ಎರಡರಲ್ಲಿ ಹೆಚ್ಚು ಭಾರ ಇರುವುದರ ಹೊಟ್ಟೆಯಲ್ಲಿ ಸುಣ್ಣ ತುಂಬಿರುತ್ತದೆ. ಕೆಳಗಿನ ಬಾಯನ್ನು ಅಂಗೈಯಿಂದ ಮುಚ್ಚಿ, ನೀರು ತುಂಬಿಸಿ, ಕೈ ಬಿಡಿ. ನೀರು ಧಡ್ ಅಂತ ಬೀಳಬೇಕು, ತೊಟ್ಟಿಯ ನಲ್ಲಿಯ ಹಾಗೆ ಬಂದರೆ ಬೇಡ.

ಯಾವುದನ್ನು ಕೊಳ್ಳೋಕೆ ಹೋದರೂ ಬರೀ ಗಾಡಿ ಹೆಸರು ಹೇಳಿದರೆ ಸಾಲದು. ಅಂಬಾಸಿಡರಿನಲ್ಲೇ ಹಳೆ ಬಿ.ಎಂ.ಸಿ. ಡೀಸೆಲ್ ಎಂಜಿನ್ನಿನದು ಇದೆ, ಆಮೇಲೆ ಬಂದ ಇಸುಜು ಎಂಜಿನ್ನಿನದು ಇದೆ. ಎಂಜಿನ್ ಬೇರೆಯಾದರೆ ಪೈಪಿನ ಬಾಯಿ ಇರುವ ಜಾಗ ಬೇರೆಯಾಗಬಹುದು. ಹಳೆ ರೇಡಿಯೇಟರನ್ನೇ ಹೊತ್ತುಕೊಂಡು ಹೋಗುವುದು ಒಳ್ಳೆಯದು. ಆಗದಿದ್ದರೆ ನಾನು ಮಾಡಿದ ಹಾಗೆ ಮಾಡಿ. ದೊಡ್ಡ ರಟ್ಟಿನ ಮೇಲೆ ಮಲಗಿಸಿ ಸುತ್ತ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಬೋಲ್ಟಿನ ತೂತುಗಳನ್ನು, ಮೇಲಿನ ಮತ್ತು ಕೆಳಗಿನ ಪೈಪಿನ ಬಾಯಿ ಯಾವ ಕಡೆಗಿದೆ, ಎಷ್ಟು ದಪ್ಪ ಅನ್ನೋದನ್ನು ಗುರುತು ಮಾಡಿಕೊಳ್ಳಿ. ಜಾಲರಿಯ ದಪ್ಪವನ್ನು, ಜಾಲರಿಗೂ ಫ್ಯಾನಿಗೂ ನಡುವೆ ಇರುವ ಜಾಗವನ್ನು ಬರೆದುಕೊಳ್ಳಿ. ಹೆಚ್ಚು ಸಾಲಿನದು ಒಳ್ಳೇದು ಅಂತ ದಪ್ಪನೆಯದು ತಂದು ಫ್ಯಾನಿಗೆ ತಾಗಿಸಿಕೊಂಡವರಿದ್ದಾರೆ.

ಚಾಚಾನ ಅಂಗಡಿ

ಕೊನೆಗೆ ಪರಿಹಾರ ಸಿಕ್ಕಿದ್ದು ಚಿತ್ರದುರ್ಗದಲ್ಲಿ, ನಾನು ವರ್ಷಕ್ಕೆ ಇಪ್ಪತ್ತು ಸಲ ಓಡಾಡೋ ರಸ್ತೆಯ ಪಕ್ಕದಲ್ಲಿ. ಹತ್ತಡಿ ಅಗಲದ ಅಂಗಡಿ, ಹೊರಗೆ ಲಾರಿ, ಟ್ರ್ಯಾಕ್ಟರುಗಳ ರೇಡಿಯೇಟರ್ ಒರಗಿಸಿರುತ್ತವೆ. ಕೆಲಸ ಮಾಡೋರು ಅರವತ್ತು ದಾಟಿದವರು. ಎಲ್ಲರೂ ಚಾಚಾ ಅಂತಾರೆ, ನಾನೂ ಹಾಗೇ ಕರೆದೆ. 2024ರ ಜನವರಿಯಲ್ಲಿ ಎರಡೂ ರೇಡಿಯೇಟರುಗಳನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ಹೋದೆ.

ಅವರು ನನ್ನ ಹಳೆಯದರ ಮೂತಿಗೆ ಮೂಗಿಟ್ಟು ನೋಡಿ, "ಏನ್ ಗೌಡ್ರೆ, ಇದಕ್ಕೆ ಸಾಂಬಾರ್ ಮಾಡಿದ್ರಾ?" ಅಂದರು.

ಗ್ಯಾಸ್ ಬೆಂಕಿ ಹಿಡಿದು ಮೇಲಿನ ಟ್ಯಾಂಕಿನ ಬೆಸುಗೆ ಕರಗಿಸಿ ಎತ್ತಿದರು. ಒಳಗೆ ನೋಡಿದೆ. ಚಪ್ಪಟೆ ಕೊಳವೆಗಳ ಬಾಯಿ ಸಾಲಾಗಿ ಕಾಣಬೇಕಿತ್ತು. ಅರ್ಧದ ಮೇಲೆ ಹಳದಿ ಕೆಸರು ಒಣಗಿ ಗಾರೆಯಾಗಿತ್ತು, ಅದರ ಕೆಳಗೆ ಬಿಳಿ ಸುಣ್ಣ. ನಾನು ಆಸಿಡ್ ಹಾಕಿದ್ದನ್ನೂ ಹೇಳಿದೆ. ಇಲ್ಲಿ ಮುಚ್ಚಿಟ್ಟರೆ ನಷ್ಟ ನಮಗೇ. "ಹಕ್ಕಳೆನೇ ತೂತು ಮುಚ್ಚಿಕೊಂಡಿತ್ತು. ನೀವು ಹಕ್ಕಳೆ ತೆಗೆದ್ರಿ, ಜೊತೆಗೆ ಬೆಸುಗೆನೂ ತೆಗೆದ್ರಿ" ಅಂದರು.

ಇಲ್ಲಿ ಎರಡು ದಾರಿ ಇರುತ್ತದೆ. ಕೊಳವೆ ಗಟ್ಟಿ ಇದ್ದು ಬರೀ ಕಟ್ಟಿಕೊಂಡಿದ್ದರೆ ಎರಡೂ ಟ್ಯಾಂಕು ಬಿಚ್ಚಿ, ಒಂದೊಂದು ಕೊಳವೆಯಲ್ಲೂ ಚಪ್ಪಟೆ ಕಡ್ಡಿ ಆಡಿಸಿ ಬಿಡಿಸಿ, ತೊಳೆದು ಮತ್ತೆ ಬೆಸೆಯುತ್ತಾರೆ. ಇದಕ್ಕೆ ಅವರು 1,200 ಹೇಳಿದರು. ಆದರೆ ಕೊಳವೆ ಸವೆದಿದ್ದರೆ ಕಡ್ಡಿಯೇ ಅದನ್ನು ಸೀಳುತ್ತದೆ. ನನ್ನದರಲ್ಲಿ ನಾಲ್ಕು ಕೊಳವೆಗೆ ಕಡ್ಡಿ ಹಾಕಿ ನೋಡಿ, ಎರಡು ಸೀಳಿದ ಮೇಲೆ ಕೈಬಿಟ್ಟರು. ಎರಡನೇ ದಾರಿ ಕೋರ್ ಬದಲಿಸುವುದು. ಅಂದರೆ ಟ್ಯಾಂಕು, ಪಕ್ಕದ ಪಟ್ಟಿ, ಪೈಪಿನ ಬಾಯಿ ಎಲ್ಲಾ ನಮ್ಮ ಹಳೆಯದೇ. ನಡುವಿನ ಜಾಲರಿ ಮಾತ್ರ ಹೊಸದು. ಅದೇ ಅಳತೆಯ ತಾಮ್ರ-ಹಿತ್ತಾಳೆ ಕೋರನ್ನು ಅವರು ತರಿಸಿ ಕೂಡಿಸುತ್ತಾರೆ. 5,200 ರೂ. ನಮ್ಮದೇ ಪಟ್ಟಿ ಇರುವುದರಿಂದ ಬೋಲ್ಟಿನ ತೂತು ಸರಿಯಾಗಿ ಕೂರುತ್ತೋ ಇಲ್ಲವೋ ಅನ್ನೋ ಚಿಂತೆಯೇ ಇಲ್ಲ. ನಿಂತುಹೋದ ಗಾಡಿಗಳಿಗೆ ಇದಕ್ಕಿಂತ ಒಳ್ಳೆ ಉಪಾಯ ನಾನು ಕಂಡಿಲ್ಲ.

ನನ್ನ ಮೇಲಿನ ಟ್ಯಾಂಕು ಮೂಲೆಯಲ್ಲಿ ಬಿರಿದಿತ್ತು. ತೇಪೆ ಹಾಕಿದರೆ 300 ಹೆಚ್ಚು. ಅದರ ಬದಲು ಗುಜರಿಯಿಂದ ತಂದದ್ದರ ಮೇಲಿನ ಟ್ಯಾಂಕು ಚೆನ್ನಾಗಿದೆ ಎಂದು ಅದನ್ನೇ ಬಿಚ್ಚಿ ಕೂಡಿಸಿದರು. ನನ್ನ 3,200ರಲ್ಲಿ ಅಷ್ಟಾದರೂ ಕೆಲಸಕ್ಕೆ ಬಂತು.

ಆಮೇಲೆ ಹಳೇ ಕೋರಿನ ಮಾತು ಬಂತು. ಇದನ್ನು ಎಲ್ಲರೂ ಗಮನಿಸಬೇಕು. ರೇಡಿಯೇಟರ್ ಕೆಟ್ಟರೂ ಅದು ತಾಮ್ರ, ಹಿತ್ತಾಳೆ. ಚಾಚಾ ತಕ್ಕಡಿಗೆ ಹಾಕುವ ಮುಂಚೆ ಕುಟ್ಟಿ ಸುಣ್ಣ ಉದುರಿಸಿದರು. ಮೂರೂವರೆ ಕಿಲೋ ಬಂತು, ಕಿಲೋಗೆ 450ರಂತೆ 1,575 ರೂ. ಕಳೆದರು. ಗುಜರಿಯದರ ಕೋರು ಮೂರು ಕಿಲೋ, 1,350. ದಾವಣಗೆರೆಯಲ್ಲಿ ಇಡೀ ರೇಡಿಯೇಟರಿಗೆ 500 ಬಿಡುತ್ತೇವೆ ಅಂದದ್ದು ನೆನಪಿದೆಯಲ್ಲ? ತೂಕ ಹಾಕದೆ ಹಳೆಯದನ್ನು ಕೊಡಬೇಡಿ.

ಮೂರು ದಿನ ಬಿಟ್ಟು ಹೋದಾಗ ಕೆಲಸ ಮುಗಿದಿತ್ತು. ನನ್ನ ಎದುರಿಗೇ ಬಾಯಿಗಳನ್ನು ರಬ್ಬರಿನಿಂದ ಮುಚ್ಚಿ, ಒಳಗೆ ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಪೂರ್ತಿ ಮುಳುಗಿಸಿದರು. ಪಂಕ್ಚರ್ ನೋಡುವ ಹಾಗೆಯೇ. ಒಂದು ಕಡೆ ಸಣ್ಣ ಗುಳ್ಳೆ ಬಂತು, ಅದನ್ನು ಬೆಸೆದು ಮತ್ತೆ ಮುಳುಗಿಸಿದರು. ಈ ಪರೀಕ್ಷೆಯನ್ನು ಎದುರಿಗೆ ನಿಂತು ಮಾಡಿಸಿಕೊಳ್ಳಿ. ಅದಾಗುವವರೆಗೆ ಬಣ್ಣ ಹೊಡೆಸಬೇಡಿ.

ಹೊರಡುವಾಗ ಅವರು ಹೇಳಿದ್ದು ಬೆಲೆಬಾಳುವ ಮಾತು. ಹೊಸ ಕೋರ್ ಕೂರಿಸುವ ಮುಂಚೆ ಎಂಜಿನ್ ಬ್ಲಾಕಿನ ಹೊಟ್ಟೆ ತೊಳೆಯಬೇಕು. ಇಲ್ಲದಿದ್ದರೆ ಅಲ್ಲಿರುವ ತುಕ್ಕು, ಸುಣ್ಣ ಎಲ್ಲಾ ಬಂದು ಹೊಸ ಕೊಳವೆಯಲ್ಲಿ ಕೂರುತ್ತದೆ. ಥರ್ಮೋಸ್ಟಾಟ್ ತೆಗೆದಿಟ್ಟು, ಬ್ಲಾಕಿನ ಪಕ್ಕದ ನೀರಿನ ತಿರುಪು ಬಿಚ್ಚಿ, ಮೇಲಿನಿಂದ ಪೈಪಿನಲ್ಲಿ ನೀರು ಬಿಟ್ಟೆ. ತಿರುಪಿನ ತೂತೇ ಕಟ್ಟಿಕೊಂಡಿತ್ತು, ತಂತಿಯಿಂದ ಚುಚ್ಚಬೇಕಾಯಿತು. ಮೊದಲು ರಾಗಿ ಅಂಬಲಿಯ ಬಣ್ಣದ ನೀರು ಬಂತು. ತಿಳಿಯಾಗೋಕೆ ಮುಕ್ಕಾಲು ಗಂಟೆ ಹಿಡಿಯಿತು. ಇಷ್ಟಾದ ಮೇಲೂ, ರೇಡಿಯೇಟರಿಗೆ ಸೇರುವ ಮೇಲಿನ ಹೋಸ್ ಪೈಪಿನ ಬಾಯಲ್ಲಿ ತೆಳು ನೈಲಾನ್ ಬಟ್ಟೆಯನ್ನು ಚೀಲದ ಹಾಗೆ ಇಳಿಬಿಟ್ಟು, ಪೈಪಿನ ಕ್ಲಿಪ್ಪಿನ ಕೆಳಗೆ ಅದರ ಅಂಚು ಸಿಕ್ಕಿಸಿದೆ. ವಾರದಲ್ಲಿ ಎರಡು ಸಲ ಬಿಚ್ಚಿ ನೋಡಿದರೆ ಒಂದೊಂದು ಸಲ ಅರ್ಧ ಚಮಚದಷ್ಟು ತುಕ್ಕು ಸಿಕ್ಕಿತು. ಆಮೇಲೆ ತೆಗೆದುಬಿಟ್ಟೆ. ಅದನ್ನು ಅಲ್ಲೇ ಬಿಡಬಾರದು, ನೀರು ತಡೆಯುತ್ತದೆ.

ನೀರಿನ ವಿಷಯ

ನನ್ನ ರೇಡಿಯೇಟರನ್ನು ಕೊಂದದ್ದು ವಯಸ್ಸಲ್ಲ, ನಮ್ಮ ಬೋರಿನ ನೀರು. ಸ್ನಾನದ ಹಂಡೆಯ ಒಳಗೆ ಬಿಳಿ ಪದರ ಕಟ್ಟುವುದು ನಮಗೆ ಹೊಸದಲ್ಲ. ನೀರಿನಲ್ಲಿ ಕರಗಿರೋ ಸುಣ್ಣದ ಅಂಶ ಕಾದಾಗ ಬೇರೆಯಾಗಿ ಅಂಟಿಕೊಳ್ಳುತ್ತದೆ. ಒಂದು ಸಲ ತುಂಬಿಸಿ ಮುಚ್ಚಿಟ್ಟರೆ ಆ ಒಂದು ಸಲದ್ದಷ್ಟೇ ಕೂರುತ್ತದೆ. ಆದರೆ ನಾನು ದಿನಾ ಒಂದು ಬಾಟಲಿ ಸುರಿಯುತ್ತಿದ್ದೆ. ನೀರು ಆವಿಯಾಗಿ ಹೋಗುತ್ತಿತ್ತು, ಸುಣ್ಣ ಒಳಗೇ ಉಳಿಯುತ್ತಿತ್ತು. ವರ್ಷಕ್ಕೆ ಎಷ್ಟು ಬಾಟಲಿ ಆಯಿತು ಲೆಕ್ಕ ಹಾಕಿ. ಅಂದರೆ ಸಣ್ಣ ಸೋರಿಕೆಯನ್ನು ನೀರು ಸುರಿದು ಸುಧಾರಿಸಿಕೊಂಡು ಹೋಗುವುದೇ ಕೊಳವೆ ಕಟ್ಟಿಕೊಳ್ಳೋಕೆ ಕಾರಣ.

ಈಗ ಮಳೆನೀರು ಹಾಕುತ್ತೇನೆ. ಮೊದಲ ಮಳೆಯಲ್ಲಿ ಹಂಚಿನ ಧೂಳು ತೊಳೆದು ಹೋಗಲಿ, ಎರಡನೇ ಮಳೆಗೆ ಸೂರಿನ ಕೆಳಗೆ ಡ್ರಮ್ಮಿಟ್ಟು ಹಿಡಿದು, ಬಟ್ಟೆಯಲ್ಲಿ ಸೋಸಿ ಎರಡು ಕ್ಯಾನು ತುಂಬಿಡುತ್ತೇನೆ. ಮಳೆ ಕೈಕೊಟ್ಟ ವರ್ಷ ಬ್ಯಾಟರಿ ನೀರು ತರಬಹುದು. ಬರೀ ನೀರು ಮಾತ್ರ ಹಾಕಿದರೆ ಒಳಗೆ ತುಕ್ಕು ಹಿಡಿಯುತ್ತದೆ, ಅದಕ್ಕೆ ಕೂಲೆಂಟ್ ಬೆರೆಸಬೇಕು. ಡಬ್ಬಿ ಮೇಲೆ ಎಷ್ಟಕ್ಕೆ ಎಷ್ಟು ಅಂತ ಬರೆದಿರುತ್ತದೆ. ಕೆಲವು ಆಗಲೇ ನೀರು ಬೆರೆಸಿಯೇ ಬರುತ್ತವೆ, ಅದಕ್ಕೆ ಮತ್ತೆ ನೀರು ಹಾಕಿದರೆ ದಂಡ. ಕೊಳ್ಳುವಾಗ ಹಿತ್ತಾಳೆ ರೇಡಿಯೇಟರಿಗೆ ಆಗುತ್ತದಾ ಅಂತ ಕೇಳಿ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು.

ಹಾಗೆ ಬದಲಿಸುವಾಗ ಹಳೇ ಕೂಲೆಂಟನ್ನು ಅಂಗಳಕ್ಕೆ, ಕೊಟ್ಟಿಗೆ ಪಕ್ಕಕ್ಕೆ ಚೆಲ್ಲಬೇಡಿ. ಅದು ವಿಷ. ರುಚಿ ಸಿಹಿ, ಅದಕ್ಕೇ ನಾಯಿ, ಕರು ನೆಕ್ಕುತ್ತವೆ. ಸ್ವಲ್ಪ ಒಳಗೆ ಹೋದರೂ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಡಬ್ಬಿಯನ್ನು ಮಕ್ಕಳ ಕೈಗೆ ಸಿಗದ ಕಡೆ ಇಡಿ. ಹಳೆಯದನ್ನು ನಾನು ಮುಚ್ಚಳ ಬಿಗಿದ ಕ್ಯಾನಿನಲ್ಲಿ ಹಿಡಿದು ಗ್ಯಾರೇಜಿಗೆ ಕೊಡುತ್ತೇನೆ.

ಖರ್ಚು

ಕೋರಿಗೆ 5,200. ಮುಚ್ಚಳ 150, ಎರಡು ಹೋಸ್ ಪೈಪು 480, ಕೂಲೆಂಟ್ 600. ಗುಜರಿಗೆ ಹಾಕಿದ್ದು 3,200, ಬೆಂಗಳೂರಿನ ಓಡಾಟ 700. ಒಟ್ಟು 10,330. ಹಳೆ ಕೋರುಗಳಿಂದ ಬಂದ 2,925 ಕಳೆದರೆ 7,405. ಬುದ್ಧಿ ಇದ್ದು ಮೊದಲೇ ಚಿತ್ರದುರ್ಗಕ್ಕೆ ಹೋಗಿದ್ದರೆ, ಟ್ಯಾಂಕಿನ ತೇಪೆಯೂ ಸೇರಿ, 5,155ರಲ್ಲಿ ಮುಗಿಯುತ್ತಿತ್ತು. ಆಸಿಡ್ ಹಾಕದೆ, ಅರಿಶಿನ ಹಾಕದೆ, ಬೇಸಿಗೆಯಲ್ಲೇ ಬಿಚ್ಚಿಸಿದ್ದರೆ 1,200ಕ್ಕೇ ಆಗುತ್ತಿತ್ತೇನೋ. ಬೆಲೆಗಳು 2023ರ ಕೊನೆ, 2024ರ ಮೊದಲಿನವು. ತಾಮ್ರದ ಬೆಲೆ ಏರಿದರೆ ಕೋರಿನ ಬೆಲೆಯೂ ಏರುತ್ತದೆ, ಹಳೆಯದಕ್ಕೆ ಸಿಗುವುದೂ ಏರುತ್ತದೆ.

ಎರಡು ಬೇಸಿಗೆ ಕಳೆದಿವೆ. ಏಪ್ರಿಲ್ ಬಿಸಿಲಿನಲ್ಲಿ ಐದು ಜನರನ್ನು ಕೂರಿಸಿಕೊಂಡು ಚಿತ್ರದುರ್ಗಕ್ಕೆ ಹೋಗಿ ಬಂದೆ, ಮುಳ್ಳು ಮಧ್ಯದಿಂದ ಮೇಲೇಳಲಿಲ್ಲ. ಈಗ ಪ್ರತಿ ಸೋಮವಾರ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಮುಚ್ಚಳ ತೆಗೆದು ನೀರಿನ ಮಟ್ಟ ನೋಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ. ಕಳೆದ ವರ್ಷ ಪೂರ್ತಿ ಸೇರಿ ಹಾಕಿದ ನೀರು ಒಂದೂವರೆ ಬಾಟಲಿ. ಈ ಮಳೆಗಾಲದಲ್ಲಿ ಡ್ರಮ್ಮಿನಿಂದ ಕ್ಯಾನಿಗೆ ನೀರು ಸೋಸಿ ತುಂಬಿದ್ದು ಅದೇ ಹುಡುಗ.

ಅಲ್ಯೂಮಿನಿಯಂ ರೇಡಿಯೇಟರನ್ನು ಪಟ್ಟಿ ಕಟ್ಟಿಸಿ ಹಳೆ ಅಂಬಾಸಿಡರಿಗೋ ಜೀಪಿಗೋ ಹಾಕಿಸಿ, ನಮ್ಮ ಕಡೆಯ ರಸ್ತೆಯಲ್ಲಿ ಎರಡು ಬೇಸಿಗೆ ಓಡಿಸಿದವರು ಓದುಗರಲ್ಲಿ ಯಾರಾದರೂ ಇದ್ದರೆ, ಎಷ್ಟು ಖರ್ಚಾಯಿತು, ಎಲ್ಲಿ ಸೋರಿತು ಅಂತ ಪತ್ರಿಕೆಗೆ ಬರೆಯಿರಿ. ನಮ್ಮೂರಲ್ಲಿ ಇನ್ನೊಬ್ಬರ ಜೀಪು ಕುದಿಯೋಕೆ ಶುರುವಾಗಿದೆ, ಅವರು ನನ್ನನ್ನು ಕೇಳುತ್ತಿದ್ದಾರೆ.